ಶಂಖದೊಳಗಿನ ಜೀವ: ಮಸ್ಕಿಯ ಬಳೆಚೂರುಗಳಿಂದ ನೇಮಿನಾಥನ ಲಾಂಛನದವರೆಗೆ

ಪಾಮನಕಲ್ಲೂರು, ಮಸ್ಕಿ, ಲಿಂಗಸುಗೂರುಗಳು ಕೃಷ್ಣಾ ತುಂಗಭದ್ರೆಗಳ ನಡುವಣ ನಾಡಿಗೆ ಸೇರಿದವು. ಪೂರ್ವದ ಕಡಲಾಗಲಿ ಪಶ್ಚಿಮದ ಕಡಲಾಗಲಿ ಇಲ್ಲಿಗೆ ನೂರಾರು ಕಿಲೋಮೀಟರ್ ದೂರ. ಆದರೂ ಈ ಸೀಮೆಯ ಪ್ರಾಚೀನ ನೆಲೆಗಳಲ್ಲಿ ಕಡಲಿನ ಗುರುತುಗಳಿವೆ. ಮಸ್ಕಿಯೆಂದೊಡನೆ 1915ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನ ನೆನಪಾಗುತ್ತದೆ. ಅದಕ್ಕೂ ಮೊದಲೇ, ಹತ್ತೊಂಬತ್ತನೆಯ ಶತಮಾನದಲ್ಲಿ, ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇಲ್ಲಿ ಶಂಖದ ಬಳೆಯ ಚೂರುಗಳನ್ನು ಸಂಗ್ರಹಿಸಿದ್ದರು. 1954ರಲ್ಲಿ ಬಿ. ಕೆ. ಥಾಪರ್ ನಡೆಸಿದ ಉತ್ಖನನದಲ್ಲಿಯೂ ಚಿಪ್ಪಿನಿಂದ ಮಾಡಿದ ವಸ್ತುಗಳು ದೊರೆತವು.

ಬಳೆಯಾಗುವ ಮೊದಲು ಶಂಖವು ಒಂದು ಪ್ರಾಣಿಯ ಮನೆ. ಟರ್ಬಿನೆಲ್ಲಾ ಪೈರಮ್ ಎಂಬ ಈ ದೊಡ್ಡ ಕಡಲ ಬಸವನಹುಳು ಮನ್ನಾರ್ ಖಾರಿ, ಪಾಕ್ ಕೊಲ್ಲಿ, ಕಾಠಿಯಾವಾಡದ ತೀರಗಳಲ್ಲಿ ವಾಸಿಸುತ್ತದೆ. ಮರಳಿನಲ್ಲಿ ಹುದುಗಿರುವ ಹುಳುಗಳನ್ನು ಬೇಟೆಯಾಡಿ ತಿನ್ನುವ ಮಾಂಸಾಹಾರಿ ಇದು. ಹೆಣ್ಣು ಶಂಖವು ಟಗರಿನ ಕೊಂಬಿನಂತೆ ಸುತ್ತಿಕೊಂಡ, ಒಳಗೆ ಕೋಣೆ ಕೋಣೆಯಾದ ಕೋಶದಲ್ಲಿ ಮೊಟ್ಟೆಯಿಡುತ್ತದೆ. ಮರಿಗಳು ಪುಟ್ಟ ಶಂಖಗಳಾಗಿಯೇ ಹೊರಬರುತ್ತವೆ. ಜೀವಂತ ಶಂಖದ ಮೈ ಬೆಳ್ಳಗಿರುವುದಿಲ್ಲ. ಕಂದು ಬಣ್ಣದ ಪೊರೆ ಅದನ್ನು ಮುಚ್ಚಿರುತ್ತದೆ. ನಾವು ಬಲ್ಲ ಶ್ವೇತಶಂಖವು ಪ್ರಾಣಿ ಸತ್ತು, ಪೊರೆ ಕಳೆದ ಬಳಿಕ ಕಾಣುವಂಥದು. ಮುಳುಗುಗಾರರು ಹೆಕ್ಕಿ ತಂದ ಶಂಖವನ್ನು ಅಡ್ಡಲಾಗಿ ಕೊಯ್ದು ಬಳೆಗಳನ್ನು ಮಾಡಲಾಗುತ್ತದೆ. ಈ ಉದ್ಯಮವನ್ನೂ ಪ್ರಾಣಿಯ ಜೀವನಕ್ರಮವನ್ನೂ ಜೇಮ್ಸ್ ಹಾರ್ನೆಲ್ 1914ರ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ.

ಪೂಜೆಯಲ್ಲಿಯೂ ಕಾವ್ಯದಲ್ಲಿಯೂ ಶಂಖವು ಬಹುಮಟ್ಟಿಗೆ ನಾದ, ಧವಳತೆ, ಮಂಗಳಗಳ ಸಂಕೇತ. ಅದರೊಳಗಿದ್ದ ಜೀವ ಅಲ್ಲಿ ಮರೆಯಾಗುತ್ತದೆ. ಜೈನ ಜೀವವಿಚಾರವು ಅದನ್ನು ಮರೆಯಲಿಲ್ಲ. ಸ್ಪರ್ಶನ, ರಸನಗಳೆಂಬ ಎರಡು ಇಂದ್ರಿಯಗಳುಳ್ಳ ದ್ವೀಂದ್ರಿಯ ಜೀವಗಳಿಗೆ ಶಂಖವು ಅಲ್ಲಿಯ ರೂಢಿಯ ನಿದರ್ಶನ. ಅಂದರೆ ಅದು ವಸ್ತುವಲ್ಲ. ಅಹಿಂಸೆಯ ವ್ಯಾಪ್ತಿಗೆ ಒಳಪಟ್ಟ ಪ್ರಾಣಿ.

ಈ ಹಿನ್ನೆಲೆಯಲ್ಲಿ ಇಪ್ಪತ್ತೆರಡನೆಯ ತೀರ್ಥಂಕರ ನೇಮಿನಾಥನ ಲಾಂಛನವನ್ನು ನೋಡಬೇಕು. ಕನ್ನಡದಲ್ಲಿ ಕರ್ಣಪಾರ್ಯ, ನೇಮಿಚಂದ್ರರಂಥ ಕವಿಗಳು ಈತನ ಕಥೆಯನ್ನು ಪುರಾಣಕಾವ್ಯಕ್ಕೆ ಆರಿಸಿಕೊಂಡರು. ಪರಂಪರೆಯ ಕಥೆಯಂತೆ, ಕೃಷ್ಣನ ಪಾಂಚಜನ್ಯವನ್ನು ಊದಿ ತನ್ನ ಬಲವನ್ನು ತೋರಿದವನೂ ಅವನೇ. ಮದುವೆಯೂಟಕ್ಕೆಂದು ಕೂಡಿಹಾಕಿದ ಮೃಗಗಳ ಆರ್ತನಾದಕ್ಕೆ ಕರಗಿ ದೀಕ್ಷೆಗೆ ನಡೆದವನೂ ಅವನೇ. ಮೃಗಗಳಿಗೆ ಮೊರೆಯಿಡಲು ದನಿಯಾದರೂ ಇತ್ತು. ಶಂಖಕ್ಕೆ ಬದುಕಿರುವಾಗ ದನಿಯಿಲ್ಲ. ಅದರ ಚಿಪ್ಪು ಮೊಳಗುವುದು ಒಳಗಿನ ಜೀವ ಅಳಿದ ಮೇಲೆ. ಮಸ್ಕಿಯ ಬಳೆಚೂರುಗಳನ್ನು ಪ್ರಾಚೀನ ವ್ಯಾಪಾರದ ಸಾಕ್ಷ್ಯವೆಂದು ಓದುವುದು ಸರಿಯೇ. ಪ್ರತಿಯೊಂದು ಚೂರೂ ದೂರದ ಕಡಲಿನಲ್ಲಿ ಮುಗಿದ ಒಂದು ದ್ವೀಂದ್ರಿಯ ಜೀವದ ಸಾಕ್ಷ್ಯವೂ ಹೌದು.