ಖಂಡಸ್ಫುಟಿತ ಜೀರ್ಣೋದ್ಧಾರ: ಬೇಲೂರು ಕೇಶವಾಲಯದ ಮೇಲ್ಛಾವಣಿಯ ಇತಿಹಾಸ

ಕರ್ಣಾಟಕದ ದೇವಾಲಯಗಳಿಗೂ ಬಸದಿಗಳಿಗೂ ಸಂಬಂಧಿಸಿದ ದಾನಶಾಸನಗಳನ್ನು ಓದುವವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ವೆಂಬ ಮಾತು ಚಿರಪರಿಚಿತವಾದುದು. ದೇವರ ಅಂಗಭೋಗ ರಂಗಭೋಗಗಳಿಗೂ ತಪೋಧನರ ಆಹಾರದಾನಕ್ಕೂ ಭೂಮಿಯನ್ನು ಬಿಡುವ ದಾನಿಯು, ಮುರಿದುದನ್ನೂ ಬಿರಿದುದನ್ನೂ ಸರಿಪಡಿಸುವ ವೆಚ್ಚಕ್ಕೆ ಆ ದತ್ತಿಯಲ್ಲಿಯೇ ಪಾಲಿರಲೆಂದು ವಿಧಿಸುವನು. ಹಲವೆಡೆ ಒಂದೇ ರೀತಿಯಾಗಿ ಬರುವುದರಿಂದ ಇದನ್ನು ಶಾಸನಗಳ ವಾಡಿಕೆಯ ಒಕ್ಕಣೆಯೆಂದೆಣಿಸಿ ದಾಟಿಹೋಗುವುದುಂಟು. ಆದರೆ ಕಟ್ಟಡದ ದೃಷ್ಟಿಯಿಂದ ನೋಡಿದರೆ ಇದರ ಅರ್ಥವು ಬೇರೆಯಾಗುತ್ತದೆ. ಗೋಡೆಗೆ ಬಳಿದ ಸುಣ್ಣವು ಇನ್ನೂ ಬೆಳ್ಳಗಿರುವಾಗಲೇ ಅದು ಕಳಚಿಬೀಳುವ ದಿನವನ್ನು ನೆನೆದು ಮಾಡಿದ ಏರ್ಪಾಡು ಇದು. ಕೆಲವು ಶಾಸನಗಳಲ್ಲಿ ಇದರೊಡನೆ ‘ಸುಧಾಕರ್ಮ’ವೆಂಬ ಮಾತೂ ಸೇರಿರುತ್ತದೆ. ಸುಧೆಯೆಂದರೆ ಸುಣ್ಣ, ಗಾರೆ. ಈ ಗಾರೆಗೆ ಹೆಚ್ಚಿನ ಕೆಲಸವಿದ್ದುದು ದೇವಾಲಯದ ಮೇಲ್ಛಾವಣಿಯಲ್ಲಿ.

ಕಲ್ಲಿನ ದೇವಾಲಯದ ಅಂಗಗಳಲ್ಲಿ ಮೊದಲು ಕೆಡುವುದು ಛಾವಣಿಯೇ. ಕಂಬಗಳ ಮೇಲೆ ತೊಲೆಗಳನ್ನೂ, ತೊಲೆಗಳ ಮೇಲೆ ಚಪ್ಪಡಿಗಳನ್ನೂ ಹಾಸಿ, ಅದರ ಮೇಲೆ ಇಟ್ಟಿಗೆ ಸುಣ್ಣಗಳ ಗಚ್ಚನ್ನು ಹಾಕುವುದು ದಕ್ಷಿಣದೇಶದ ಸಾಮಾನ್ಯ ಪದ್ಧತಿ. ಕಲ್ಲು ಭಾರವನ್ನು ಹೊರುತ್ತದೆ. ನೀರನ್ನು ತಡೆಯುವುದು ಗಚ್ಚು. ಬೇಸಗೆಯ ಬಿಸಿಲಿಗೂ ಮಳೆಗಾಲದ ತೇವಕ್ಕೂ ಸಿಕ್ಕಿ ಗಚ್ಚಿನಲ್ಲಿ ಕೂದಲೆಳೆಯಂತಹ ಬಿರುಕುಗಳು ಹುಟ್ಟುತ್ತವೆ. ಹಕ್ಕಿಗಳು ತಂದ ಆಲ ಅರಳಿಗಳ ಬೀಜವು ಅಲ್ಲಿ ಮೊಳೆತು, ಬೇರುಗಳು ಚಪ್ಪಡಿಗಳ ಸಂದಿಯನ್ನು ಹೊಕ್ಕು ಅವನ್ನು ಮೀಟುತ್ತವೆ. ಗೋಡೆಯು ಶತಮಾನಗಳವರೆಗೆ ನಿಲ್ಲಬಹುದು. ಗಚ್ಚನ್ನು ಮಾತ್ರ ಮತ್ತೆ ಮತ್ತೆ ಹೊಸದು ಮಾಡುತ್ತಲೇ ಇರಬೇಕು. ಆದುದರಿಂದ ಪುರಾತನವಾದ ದೇವಾಲಯವೊಂದರಲ್ಲಿ ಎಲ್ಲಕ್ಕಿಂತ ಹೊಸದಾದ ಭಾಗವು ಸಾಮಾನ್ಯವಾಗಿ ಅದರ ಛಾವಣಿಯೇ ಆಗಿರುವುದು.

ಇಲ್ಲಿ ತೊಡಕೊಂದುಂಟು. ಮನೆಯ ಮಾಡು ಸೋರಿದರೆ ಮನೆಯವರು ಕೆಲವು ಕಾಲ ಬೇರೆಡೆಗೆ ಹೋಗಬಹುದು. ನಿತ್ಯಪೂಜೆಯನ್ನು ನಿಲ್ಲಿಸಬಾರದು, ಹಬ್ಬ ಹರಿದಿನಗಳಿಗೆ ನೆರೆಯುವ ಜನರನ್ನು ತಡೆಯಲಾಗದು, ಛಾವಣಿಯನ್ನು ಬಿಚ್ಚದೆ ದುರಸ್ತಿಯೂ ಸಾಗದು. ಇದಕ್ಕೆ ಆಗಮಶಾಸ್ತ್ರವು ಕಂಡುಕೊಂಡ ಪರಿಹಾರವೇ ಬಾಲಾಲಯ. ಗರ್ಭಗೃಹ ವಿಮಾನಗಳ ಕೆಲಸವನ್ನು ಕೈಕೊಳ್ಳುವಾಗ ಮೂಲಮೂರ್ತಿಯ ಸಾನ್ನಿಧ್ಯವನ್ನು ಕುಂಭದಲ್ಲಿ ಆವಾಹಿಸಿ, ಆವರಣದಲ್ಲಿ ರಚಿಸಿದ ಚಿಕ್ಕ ಆಲಯದಲ್ಲಿ ಪ್ರತಿಷ್ಠೆ ಮಾಡಿ, ಕೆಲಸ ಮುಗಿಯುವವರೆಗೆ ಅಲ್ಲಿಯೇ ಪೂಜೆಯನ್ನು ನಡಸುವರು. ಕಡೆಯಲ್ಲಿ ಸಂಪ್ರೋಕ್ಷಣೆಯಿಂದ ಆ ಸಾನ್ನಿಧ್ಯವು ಮೂಲಸ್ಥಾನಕ್ಕೆ ಮರಳುವುದು. ವಾಸ್ತುಗ್ರಂಥವಾದ ಮಯಮತದಲ್ಲಿ ‘ಅನುಕರ್ಮ’ವೆಂಬ ಹೆಸರಿನಿಂದ ಜೀರ್ಣೋದ್ಧಾರಕ್ಕೆ ಪ್ರತ್ಯೇಕವಾದ ಅಧ್ಯಾಯವೇ ಉಂಟು. ಕಟ್ಟುವ ವಿಧಾನದಂತೆಯೇ ಮತ್ತೆ ಕಟ್ಟುವ ವಿಧಾನವೂ ಶಾಸ್ತ್ರವಿಷಯವೆಂದು ಪ್ರಾಚೀನರು ಭಾವಿಸಿದ್ದರೆಂಬುದಕ್ಕೆ ಇದು ಸಾಕ್ಷಿ.

ಈ ಮಾತುಗಳನ್ನು ಒರೆಗೆ ಹಚ್ಚಲು ಬೇಲೂರಿನ ಕೇಶವಾಲಯಕ್ಕಿಂತ ಉಚಿತವಾದ ನಿದರ್ಶನವು ದೊರೆಯುವುದು ಕಷ್ಟ. ಹೊಯ್ಸಳ ವಿಷ್ಣುವರ್ಧನನು ಕ್ರಿ. ಶ. 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಈ ದೇವಾಲಯದಲ್ಲಿ ಇಂದಿಗೂ ಪೂಜೆ ನಡೆಯುತ್ತಿದೆ. ಮೊದಲು ಇದರ ನವರಂಗವು ಸುತ್ತಲೂ ತೆರೆದ ಮಂಟಪವಾಗಿದ್ದಿತು. ಎರಡನೆಯ ಬಲ್ಲಾಳನ ಆಳಿಕೆಯಲ್ಲಿ (1173–1220) ಕಂಬಗಳ ನಡುವೆ ಜಾಲಂಧ್ರಗಳನ್ನೂ ಬಾಗಿಲುಗಳನ್ನೂ ಇಟ್ಟು ಅದನ್ನು ಮುಚ್ಚಿದರು. ಶಿಲ್ಪರಸಿಕರು ಇಂದು ಕೊಂಡಾಡುವ ಆ ಜಾಲಂಧ್ರಗಳು ಮೂಲರಚನೆಗೆ ಸೇರಿದುವಲ್ಲ; ಬಳಕೆಯಲ್ಲಿದ್ದ ಕಟ್ಟಡಕ್ಕೆ ಮುಂದಿನ ತಲೆಮಾರು ಕೂಡಿಸಿದ ಭಾಗ.

ಹದಿನಾಲ್ಕನೆಯ ಶತಮಾನವು ಈ ದೇವಾಲಯಕ್ಕೆ ವಿಪತ್ತಿನ ಕಾಲ. ಅದರ ಪರಿಹಾರದ ಕ್ರಮವು ವಿಜಯನಗರದ ಇಮ್ಮಡಿ ಹರಿಹರನ ಕಾಲದ ಮೂರು ಕಾರ್ಯಗಳಿಂದ ತಿಳಿದುಬರುತ್ತದೆ. 1381ರಲ್ಲಿ ನಾಲ್ಕು ಕಣಶಿಲೆಯ ಕಂಬಗಳನ್ನು ನಿಲ್ಲಿಸಿದರು. 1387ರಲ್ಲಿ ಮಲಗರಸನು ಗರ್ಭಗೃಹದ ಮೇಲಣ ಹೊಸ ಶಿಖರಕ್ಕೆ ಚಿನ್ನದ ಕಲಶವನ್ನಿಡಿಸಿದನು. ಕಲಬುರಗಿಯ ಕಡೆಯಿಂದ ಬಂದ ಗಂಗ ಸಾಲಾರನು ಸುಟ್ಟಿದ್ದ ಮಹಾದ್ವಾರದ ಗೋಪುರವನ್ನು 1397ರಲ್ಲಿ ಗುಂಡ ದಂಡನಾಯಕನು ಏಳು ನೆಲೆಗಳಾಗಿ ಮರಳಿ ಕಟ್ಟಿಸಿದನು. ಈ ಕಾರ್ಯಗಳನ್ನು ಬಿಡಿಬಿಡಿಯಾದ ಪುಣ್ಯಕರ್ಮಗಳೆಂದು ಓದುವುದು ರೂಢಿ. ವರ್ಷಗಳನ್ನು ಸಾಲಾಗಿಟ್ಟು ನೋಡಿದರೆ ಅವುಗಳಲ್ಲಿ ಒಂದು ಕ್ರಮವು ತೋರುತ್ತದೆ: ಮೊದಲು ಕಂಬ, ಬಳಿಕ ಗರ್ಭಗೃಹದ ಶಿಖರ, ಹದಿನಾರು ವರ್ಷಗಳ ಮೇಲೆ ಹೊರಬಾಗಿಲ ಗೋಪುರ. ದೂರದಿಂದ ಬರುವ ಯಾತ್ರಿಕನ ಕಣ್ಣಿಗೆ ಮೊದಲು ಬೀಳುವ ಗೋಪುರವು ಕಡೆಯವರೆಗೆ ಕಾದಿತ್ತು. ಭಾರ ಹೊರುವ ಕಂಬವು ಮೊದಲಾಯಿತು. ಇಂತಹ ಕ್ರಮವನ್ನು ಯಾರೋ ಒಬ್ಬರು ಮುಂಚೆಯೇ ಗೊತ್ತುಮಾಡಿದ್ದರೆಂದು ಹೇಳಲು ಆಧಾರವಿಲ್ಲ. ಆದರೂ ಪೂಜೆಯನ್ನು ಬಿಡದೆ ಕೆಲಸ ನಡಸುವವರಿಗೆ ಇದಕ್ಕಿಂತ ಸಹಜವಾದ ಕ್ರಮವು ಬೇರೊಂದಿಲ್ಲ.

ಮಲಗರಸನ ಕಲಶವು ಶಾಶ್ವತವಾಗಿ ನಿಲ್ಲಲಿಲ್ಲ. ಇಟ್ಟಿಗೆ ಗಾರೆಗಳಿಂದ ಕಟ್ಟಿ, ಮರದ ಆಸರೆಯನ್ನು ಕೊಟ್ಟು, ಚಿನ್ನದ ಮುಲಾಮಿನ ತಾಮ್ರದ ತಗಡುಗಳನ್ನು ಹೊದಿಸಿದ್ದ ವಿಮಾನವು ಕಾಲಕ್ರಮದಲ್ಲಿ ಶಿಥಿಲವಾಗಿ, ಕೆಳಗಿನ ಗರ್ಭಗೃಹಕ್ಕೇ ಅಪಾಯ ಒದಗಿತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅದನ್ನು ಇಳಿಸಿಬಿಟ್ಟರು. ಕೇಶವಾಲಯವು ಈಗ ಶಿಖರವಿಲ್ಲದೆ ಚಪ್ಪಟೆಯಾಗಿ ಕಾಣುವುದಕ್ಕೆ ಇದೇ ಕಾರಣ. ನೋಡುವವರಿಗೆ ಇದು ದೊಡ್ಡ ನಷ್ಟ. ಆದರೆ ಅಂದಿನವರ ಮುಂದಿದ್ದ ಪ್ರಶ್ನೆಯು ಶಿಖರ ಬೇಕೇ ಬೇಡವೇ ಎಂಬುದಲ್ಲ; ಶಿಖರವನ್ನು ಉಳಿಸಹೋಗಿ ಗರ್ಭಗೃಹವನ್ನು ಕಳೆದುಕೊಳ್ಳಬಹುದೇ ಎಂಬುದು.

ಬಳಕೆಯೇ ಕಟ್ಟಡವನ್ನು ಕಾಯುವುದೆಂದು ಇದರಿಂದ ತೀರ್ಮಾನಿಸುವುದೂ ಸರಿಯಲ್ಲ. ಹದಿಮೂರನೆಯ ಶತಮಾನದ ಸೋಮನಾಥಪುರದ ಕೇಶವಾಲಯದಲ್ಲಿ ಪೂಜೆ ನಿಂತುಹೋಗಿದ್ದರೂ ಅದರ ಮೂರು ಶಿಖರಗಳೂ ನಿಂತಿವೆ. ಪೂಜೆ ನಿಲ್ಲದ ಬೇಲೂರಿನಲ್ಲಿ ಶಿಖರವಿಲ್ಲ. ಮೊದಲನೆಯದು ಕಲ್ಲಿನ ಶಿಖರ, ಎರಡನೆಯದು ಇಟ್ಟಿಗೆ ಮರಗಳದು ಎಂಬುದೇ ಈ ಭೇದಕ್ಕೆ ಮುಖ್ಯ ಕಾರಣ. ಬಳಕೆಯಿಂದ ದೊರೆಯುವುದು ರಕ್ಷಣೆಯಲ್ಲ, ಎಚ್ಚರ. ಸೋರುವ ಛಾವಣಿಯ ಕೆಳಗೆ ದಿನವೂ ನಿಲ್ಲುವವನಿಗೆ ಅದು ಸೋರುತ್ತಿದೆಯೆಂಬುದು ಮೊದಲ ಮಳೆಯಲ್ಲಿಯೇ ತಿಳಿಯುವುದು. ತಿಳಿದ ಮೇಲೆ ಮಾಡುವ ಶಕ್ತಿಯೂ ದ್ರವ್ಯವೂ ಇದ್ದರೆ ಮಾತ್ರ ಉದ್ಧಾರ. ಆ ದ್ರವ್ಯಕ್ಕಾಗಿಯೇ ಶಾಸನಗಳಲ್ಲಿ ಭೂಮಿಯನ್ನು ಬಿಟ್ಟುದು.

ಇಪ್ಪತ್ತನೆಯ ಶತಮಾನದಲ್ಲಿ ಈ ಹೊಣೆಯು ರಾಜ್ಯದ ಮೇಲೆ ಬಿದ್ದಿತು. 1919ರಲ್ಲಿ ಆರ್. ನರಸಿಂಹಾಚಾರ್ಯರು ಮೈಸೂರು ಪುರಾತತ್ವ ಗ್ರಂಥಮಾಲೆಯಲ್ಲಿ ಈ ದೇವಾಲಯದ ವಿವರವನ್ನು ಪ್ರಕಟಿಸಿದರು. 1935ರಲ್ಲಿ ಮೈಸೂರು ಸರ್ಕಾರದ ಧನಸಹಾಯದಿಂದ ಜೀರ್ಣೋದ್ಧಾರವು ನಡೆಯಿತು. 2023ರಲ್ಲಿ ಬೇಲೂರು, ಹಳೆಯಬೀಡು, ಸೋಮನಾಥಪುರಗಳ ದೇವಾಲಯಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಇದರಿಂದ ಹಳೆಯ ಪ್ರಶ್ನೆಯೇ ಹೊಸ ರೂಪದಲ್ಲಿ ಎದ್ದಿದೆ. ಪುರಾತತ್ವವು ಕಲ್ಲನ್ನು ಇದ್ದಂತೆಯೇ ಇರಿಸಬೇಕೆನ್ನುವುದು. ಪೂಜೆಯು ಮುರಿದುದನ್ನು ಪೂರ್ಣಮಾಡಬೇಕೆನ್ನುವುದು. ಎರಡಕ್ಕೂ ನ್ಯಾಯವುಂಟು.

ಈ ವಾದದಲ್ಲಿ ಶಾಸನಗಳ ಹಳೆಯ ಮಾತನ್ನು ಸಾವಧಾನವಾಗಿ ಓದುವುದು ಉಪಯುಕ್ತ. ಅದರಲ್ಲಿ ಹೇಳಿರುವುದು ಖಂಡವಾದುದನ್ನೂ ಸ್ಫುಟಿತವಾದುದನ್ನೂ ಉದ್ಧರಿಸಬೇಕೆಂದು, ನೆಟ್ಟಗಿರುವುದನ್ನು ಬದಲಿಸಬೇಕೆಂದಲ್ಲ. ಬೇಲೂರಿನ ಛಾವಣಿಯ ಕೆಳಗೆ ಒಂಬತ್ತು ಶತಮಾನಗಳಿಂದ ಪೂಜೆ ಸಾಗಿ ಬಂದಿರುವುದು ಮೊದಲು ಕಟ್ಟಿಸಿದವನೊಬ್ಬನಿಂದಲ್ಲ. ಬಿರುಕನ್ನು ಕಂಡಾಗಲೆಲ್ಲ ಅಷ್ಟನ್ನು ಮಾತ್ರ ತೆಗೆದು, ಅಷ್ಟನ್ನು ಮಾತ್ರ ಮುಚ್ಚಿದ, ಬಹುಮಟ್ಟಿಗೆ ಹೆಸರಿಲ್ಲದ ಕೈಗಳಿಂದ.