ಯಾವ ಬಂದರಿನಿಂದ ಹೊರಡೋಣ?

ಹಡಗಿನ ವಿಹಾರ ಈಗ ನಮ್ಮ ಮಧ್ಯಮ ವರ್ಗದ ಮನೆಗಳಲ್ಲೂ ಮಾತಿಗೆ ಬರುವ ಸಂಗತಿಯಾಗಿದೆ. ಮುಂಬಯಿಯಿಂದ ಹೊರಡೋಣವೇ? ಸಿಂಗಪುರಕ್ಕೆ ವಿಮಾನದಲ್ಲಿ ಹೋಗಿ ಅಲ್ಲಿಂದ ಹಡಗು ಹತ್ತೋಣವೇ? ದುಬೈ ಆದರೆ ಹೇಗೆ? ವಿಮಾನದ ಖರ್ಚು, ವೀಸಾದ ತಾಪತ್ರಯ, ಊರಿನಿಂದ ಬಂದರಿಗಿರುವ ದೂರ, ಜೊತೆಗೆ ಬರುವ ವಯಸ್ಸಾದವರ ಅನುಕೂಲ ಎಂದು ನಾವು ಒಂದೊಂದಾಗಿ ಲೆಕ್ಕ ಹಾಕುತ್ತೇವೆ. ಹೊರಡುವ ಬಂದರನ್ನು ಹೀಗೆ ಆರಿಸಿಕೊಳ್ಳುವುದು ನಮಗೆ ಸಹಜವಾಗಿ ಕಾಣುತ್ತದೆ. ಆದರೆ ಈ ಸೌಲಭ್ಯಕ್ಕೂ ಒಂದು ಚರಿತ್ರೆಯಿದೆ. ಅದರ ಜಾಡು ಹಿಡಿದು ಹೋದರೆ ನಾವು ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಹೋಗಿ ನಿಲ್ಲುತ್ತೇವೆ.

ಹ್ಯಾಂಬರ್ಗ್ ದೊಡ್ಡ ಬಂದರು, ಆದರೆ ಅದು ಸಮುದ್ರದ ದಡದಲ್ಲಿಲ್ಲ. ಎಲ್ಬೆ ನದಿಯಗುಂಟ ಸುಮಾರು ನೂರು ಕಿಲೋಮೀಟರ್ ಕೆಳಗೆ ಹೋದರೆ ಮಾತ್ರ ಉತ್ತರ ಸಮುದ್ರ ಸಿಗುತ್ತದೆ. ಅಲ್ಲಿ, ನದಿಯ ಬಾಯಲ್ಲಿ, ಕುಕ್ಸ್‌ಹಾಫೆನ್ ಎಂಬ ಸಣ್ಣ ಊರಿದೆ. 1847ರಲ್ಲಿ ಹ್ಯಾಂಬರ್ಗಿನಲ್ಲಿ ಸ್ಥಾಪನೆಯಾದ ಹಾಪಾಗ್ ಎಂಬ ಹಡಗು ಕಂಪೆನಿ ಬೆಳೆದದ್ದು ಅಮೆರಿಕಕ್ಕೆ ವಲಸೆ ಹೋಗುವ ಬಡವರಿಂದ. ರೊಟ್ಟಿಗಾಗಿ ಹೊರಟವರು, ರಷ್ಯಾ ಸಾಮ್ರಾಜ್ಯದಲ್ಲಿ ಗಲಭೆಗಳಿಂದ ಬೇಸತ್ತ ಯಹೂದಿಗಳು, ಪೋಲಿಷ್ ರೈತರು. 1850ರಿಂದ 1930ರ ದಶಕದವರೆಗೆ ಸುಮಾರು 50 ಲಕ್ಷ ಮಂದಿ ಹ್ಯಾಂಬರ್ಗಿನ ಮೂಲಕ ಯುರೋಪನ್ನು ಬಿಟ್ಟುಹೋದರು.

ಇಂಥ ವಲಸಿಗರಿಗೆ ಟಿಕೇಟು ಮಾರುವ ಏಜೆಂಟರ ಮನೆಯಲ್ಲಿ 1857ರಲ್ಲಿ ಹುಟ್ಟಿದವರು ಆಲ್ಬರ್ಟ್ ಬಾಲೀನ್. ಸ್ವತಃ ಯಹೂದಿ. 1886ರಲ್ಲಿ ಹಾಪಾಗ್ ಕಂಪೆನಿಯ ಪ್ರಯಾಣಿಕ ವಿಭಾಗದ ಹೊಣೆ ಹೊತ್ತರು. 1889ರಲ್ಲಿ ಆಗುಸ್ಟಾ ವಿಕ್ಟೋರಿಯಾ ಎಂಬ ವೇಗದ ಹಡಗು ನ್ಯೂಯಾರ್ಕಿಗೆ ಓಡಾಟ ಆರಂಭಿಸಿತು. ಕಷ್ಟವಿದ್ದದ್ದು ಚಳಿಗಾಲದ್ದು. ಅಟ್ಲಾಂಟಿಕ್ ಒರಟಾಗುತ್ತಿತ್ತು, ಸಿರಿವಂತ ಪ್ರಯಾಣಿಕರು ಕಡಿಮೆಯಾಗುತ್ತಿದ್ದರು. ಅಷ್ಟು ದುಬಾರಿಯ ಹಡಗು ಬೇಕಾರಾಗಿ ನಿಂತರೂ ಅದರ ಖರ್ಚು ನಿಲ್ಲುತ್ತಿರಲಿಲ್ಲ. ಹಡಗಿಗೆ ಜನ ಬಾರದಿದ್ದರೆ, ಜನ ಇಷ್ಟಪಡುವ ಬಿಸಿಲಿನ ಕಡೆಗೆ ಹಡಗನ್ನೇ ಕಳಿಸೋಣ ಎಂದು ಬಾಲೀನ್ ಯೋಚಿಸಿದರು.

1891ರ ಜನವರಿ 22ರಂದು ಆಗುಸ್ಟಾ ವಿಕ್ಟೋರಿಯಾ 241 ಪ್ರಯಾಣಿಕರೊಂದಿಗೆ ಕುಕ್ಸ್‌ಹಾಫೆನ್‌ನಿಂದ ಹೊರಟಿತು. ಯಾರಿಗೂ ಎಲ್ಲೂ ಇಳಿದು ನೆಲೆಸುವ ಉದ್ದೇಶವಿರಲಿಲ್ಲ. ಅಲೆಕ್ಸಾಂಡ್ರಿಯಾ, ಜಾಫಾ, ಬೈರೂತ್, ಇಸ್ತಾಂಬುಲ್, ಅಥೆನ್ಸ್, ಮಾಲ್ಟಾಗಳನ್ನು ನೋಡಿಕೊಂಡು ಸುಮಾರು ಎರಡು ತಿಂಗಳಿಗೆ ಅವರು ಮರಳಿದರು. ವಿಹಾರಕ್ಕೆಂದೇ ದೊಡ್ಡ ಹಡಗನ್ನು ಹೊರಡಿಸುವ ಇಂದಿನ ಉದ್ಯಮದ ಆರಂಭವನ್ನು ಚರಿತ್ರೆಕಾರರು ಸಾಮಾನ್ಯವಾಗಿ ಈ ಯಾನದಿಂದಲೇ ಗುರುತಿಸುತ್ತಾರೆ.

ಕುಕ್ಸ್‌ಹಾಫೆನ್ ಏಕೆ? ಅಲ್ಲಿ ನೀರು ಆಳವಾಗಿತ್ತು. ದೊಡ್ಡ ಹಡಗುಗಳು ನದಿಯಲ್ಲಿ ಉಬ್ಬರಕ್ಕೆ ಕಾಯುತ್ತ ಹ್ಯಾಂಬರ್ಗಿನವರೆಗೆ ಏರುವ ಅಗತ್ಯವಿರಲಿಲ್ಲ. 1881ರಲ್ಲೇ ಅಲ್ಲಿಗೆ ರೈಲು ಬಂದಿತ್ತು. ಆಳವಾದ ನೀರು, ರೈಲು, ಕಂಪೆನಿಯ ಕಚೇರಿಗೆ ಸಮೀಪ. ಈ ಮೂರೂ ವಿಹಾರಿಗಳಿಗಾಗಿ ಆದವುಗಳಲ್ಲ. ಸರಕು ಮತ್ತು ವಲಸಿಗರ ವ್ಯಾಪಾರಕ್ಕಾಗಿ ಬೆಳೆದು ಬಂದ ಅನುಕೂಲಗಳು. ಮುಂದೆ ಇದೇ ಕಂಪೆನಿ ನ್ಯೂಯಾರ್ಕಿನಿಂದಲೂ ವಿಹಾರದ ಹಡಗುಗಳನ್ನು ಹೊರಡಿಸಿತು. ತನಗೆ ಹತ್ತಿರದ ಬಂದರು ಯಾವುದೆಂದು ನೋಡಿ ಟಿಕೇಟು ಕೊಳ್ಳುವ ಪ್ರಯಾಣಿಕ ಹೀಗೆ ಹುಟ್ಟಿಕೊಂಡ.

ಅದೇ ವರ್ಷಗಳಲ್ಲಿ ಅದೇ ಕಂಪೆನಿಯ ಇನ್ನೊಂದು ಬಗೆಯ ಪ್ರಯಾಣಿಕರ ಗತಿ ಏನಾಗಿತ್ತು? 1892ರ ಬೇಸಿಗೆಯಲ್ಲಿ ಹ್ಯಾಂಬರ್ಗಿಗೆ ಕಾಲರಾ ಬಡಿಯಿತು. ಸುಮಾರು 8,600 ಮಂದಿ ಸತ್ತರು. ನಗರ ಎಲ್ಬೆಯ ನೀರನ್ನು ಶೋಧಿಸದೆ ನಲ್ಲಿಗೆ ಬಿಡುತ್ತಿತ್ತು. ಪಕ್ಕದಲ್ಲೇ ಇದ್ದ ಆಲ್ಟೋನಾ ಪಟ್ಟಣ ಅದೇ ನದಿಯ ನೀರನ್ನು ಮರಳಿನಲ್ಲಿ ಶೋಧಿಸುತ್ತಿತ್ತು. ಅಲ್ಲಿ ಸಾವು ತೀರ ಕಡಿಮೆ. ಆದರೂ ದೂರು ಬಂದದ್ದು ರಷ್ಯಾದಿಂದ ಬಂದ ವಲಸಿಗರ ಮೇಲೆ. ರೋಗ ಬಂದಾಗ ಪರದೇಶಿಯತ್ತ ಬೆರಳು ತೋರುವ ಚಾಳಿ ಯಾವ ನಾಡಿನಲ್ಲಿ ಇಲ್ಲ?

ಮುಂದೆ ರಷ್ಯಾ ಗಡಿಯಲ್ಲಿ ತಪಾಸಣೆಯ ಠಾಣೆಗಳು ಎದ್ದವು. ಅವನ್ನು ನಡೆಸಿದವರು ಹಡಗು ಕಂಪೆನಿಗಳೇ. ಬಟ್ಟೆ ಬಿಚ್ಚಿಸಿ ಸ್ನಾನ ಮಾಡಿಸಿ, ಗಂಟುಮೂಟೆಗಳನ್ನು ಹಬೆಗೆ ಹಿಡಿದು, ಕಣ್ಣು ಪರೀಕ್ಷಿಸಿ ಬೇರೆ ರೈಲುಗಳಲ್ಲಿ ಬಂದರಿಗೆ ಸಾಗಿಸುತ್ತಿದ್ದರು. ಜರ್ಮನ್ ಕಂಪೆನಿಗಳ ಟಿಕೇಟು ಇಲ್ಲದವರನ್ನು ಎಷ್ಟೋ ಸಲ ಗಡಿಯಿಂದಲೇ ಹಿಂದಕ್ಕೆ ಕಳಿಸುತ್ತಿದ್ದರು. ಬ್ರಿಟನ್ನಿನ ಬಂದರಿನಿಂದ ಹೋಗುತ್ತೇನೆ ಎನ್ನುವ ಮಾತು ಅವರ ಬಾಯಲ್ಲಿ ನಡೆಯುತ್ತಿರಲಿಲ್ಲ.

1901ರಲ್ಲಿ ಹಾಪಾಗ್ ಹ್ಯಾಂಬರ್ಗಿನ ಫೆಡೆಲ್ ದ್ವೀಪದಲ್ಲಿ ವಲಸಿಗರಿಗಾಗಿ ಒಂದು ದೊಡ್ಡ ಮುಸಾಫಿರಖಾನೆಯನ್ನೇ ಕಟ್ಟಿತು. ಮಲಗುವ ಕೋಣೆಗಳು, ಊಟದ ಮನೆ, ಯಹೂದಿಗಳ ಧರ್ಮಕ್ಕೆ ಒಪ್ಪುವ ಅಡುಗೆ, ಪ್ರಾರ್ಥನೆಯ ಸ್ಥಳ ಎಲ್ಲವೂ ಅಲ್ಲಿದ್ದವು. ನಗರದ ದಗಲ್ಬಾಜಿಗಳ ಕೈಗೆ ಸಿಕ್ಕಿ ಸುಲಿಗೆಯಾಗುವುದಕ್ಕಿಂತ ಇದು ಎಷ್ಟೋ ಮೇಲು ಎನ್ನುವುದನ್ನು ಒಪ್ಪಲೇಬೇಕು. ಆದರೆ ನಗರದ ಜನರಿಂದ ಅವರನ್ನು ದೂರವಿಡುವ ಏರ್ಪಾಡೂ ಅದಾಗಿತ್ತು. ಅದೇ ವರ್ಷದ ಜನವರಿಯಲ್ಲಿ, ವಿಹಾರಕ್ಕೆಂದೇ ಕಟ್ಟಿದ ಮೊದಲ ಹಡಗು ಪ್ರಿನ್ಸೆಸಿನ್ ವಿಕ್ಟೋರಿಯಾ ಲೂಯಿಸ್ ತನ್ನ ಮೊದಲ ಯಾನಕ್ಕೆ ಹೊರಟಿತ್ತು. ಕಂಪೆನಿ ಒಂದೇ, ಒಬ್ಬರಿಗೆ ಸ್ವಾಗತ, ಇನ್ನೊಬ್ಬರಿಗೆ ತಪಾಸಣೆ.

ಬಾಲೀನ್ ಮೊದಲ ಮಹಾಯುದ್ಧದಲ್ಲಿ ತಮ್ಮ ಹಡಗುಗಳೆಲ್ಲ ಕೈಬಿಟ್ಟುಹೋಗುವುದನ್ನು ಕಂಡು, 1918ರ ನವೆಂಬರ್ 9ರಂದು, ನಿದ್ದೆ ಗುಳಿಗೆಗಳನ್ನು ನುಂಗಿ ತೀರಿಕೊಂಡರು. ಅವರು ಬೆಳೆಸಿದ ಕಂಪೆನಿಯದೇ ಆದ ಸೇಂಟ್ ಲೂಯಿಸ್ ಹಡಗು 1939ರ ಮೇ 13ರಂದು ಹ್ಯಾಂಬರ್ಗಿನಿಂದ ಹವಾನಾಕ್ಕೆ ಹೊರಟಿತು. ಅದರಲ್ಲಿದ್ದ 937 ಮಂದಿಯಲ್ಲಿ ಹೆಚ್ಚುಕಡಿಮೆ ಎಲ್ಲರೂ ನಾಜಿಗಳಿಂದ ತಪ್ಪಿಸಿಕೊಳ್ಳುತ್ತಿದ್ದ ಯಹೂದಿಗಳು. ಅವರ ಕೈಯಲ್ಲಿ ದುಡ್ಡು ಕೊಟ್ಟು ಪಡೆದ ಕಾಗದಪತ್ರಗಳಿದ್ದವು. ಆದರೆ ಕ್ಯೂಬಾ ಅಷ್ಟರಲ್ಲಿ ನಿಯಮ ಬದಲಿಸಿತ್ತು. ಅಲ್ಲಿ ಇಳಿಯಲು ಬಿಟ್ಟದ್ದು 30ಕ್ಕಿಂತ ಕಡಿಮೆ ಮಂದಿಯನ್ನು. ಅಮೆರಿಕ ಬಾಗಿಲು ತೆರೆಯಲಿಲ್ಲ, ಕೆನಡಾ ತೆರೆಯಲಿಲ್ಲ. ಕ್ಯಾಪ್ಟನ್ ಗುಸ್ತಾವ್ ಶ್ರೋಡರ್ ಪ್ರಯಾಣಿಕರನ್ನು ಜರ್ಮನಿಗೆ ಮರಳಿಸಬಾರದೆಂದು ಹೆಣಗಾಡಿದರು. ಜೂನ್ 17ರಂದು ಹಡಗು ಬೆಲ್ಜಿಯಂನ ಆಂಟ್‌ವರ್ಪ್ ಸೇರಿತು. ಬ್ರಿಟನ್, ಫ್ರಾನ್ಸ್, ಬೆಲ್ಜಿಯಂ, ಹಾಲೆಂಡ್ ಅವರನ್ನು ಹಂಚಿಕೊಂಡವು. ಮುಂದೆ ಆ ದೇಶಗಳಲ್ಲಿ ಮೂರು ನಾಜಿಗಳ ಕೈಸೇರಿದಾಗ, ಇವರಲ್ಲಿ 254 ಮಂದಿ ಹತರಾದರು. ಅವರಿಗೆ ಹೊರಡಲು ಬಂದರು ಸಿಕ್ಕಿತ್ತು, ಇಳಿಯಲು ಸಿಗಲಿಲ್ಲ.

ಇಂದು ಹ್ಯಾಂಬರ್ಗಿನಿಂದ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ವಿಹಾರಿಗಳು ಓಡಾಡುತ್ತಾರೆ. ಫೆಡೆಲ್‌ನ ಮುಸಾಫಿರಖಾನೆಯ ಜಾಗದಲ್ಲಿ 2007ರಿಂದ ವಲಸೆಯ ವಸ್ತುಸಂಗ್ರಹಾಲಯವೊಂದಿದೆ; ಅದಕ್ಕೆ ಬಾಲೀನ್ ಅವರ ಹೆಸರೇ. ರಜೆಗಾಗಿ ಬಂದರನ್ನು ಹುಡುಕುವಾಗ ನಾವು ಖರ್ಚು, ವೀಸಾ, ದೂರಗಳನ್ನು ನೋಡುವುದರಲ್ಲಿ ತಪ್ಪೇನಿಲ್ಲ. ವಿಹಾರಕ್ಕೆ ಹೋಗುವುದೂ ತಪ್ಪಲ್ಲ. ಆದರೆ ಆರಿಸಿಕೊಳ್ಳುವ ಸ್ವಾತಂತ್ರ್ಯ ನಮಗೆ ಬಂದದ್ದು ನಮ್ಮ ಕೈಯಲ್ಲಿ ಮರಳುವ ಟಿಕೇಟು, ಮರಳಲು ಮನೆ ಇರುವುದರಿಂದ. ಅವೆರಡೂ ಇಲ್ಲದೆ ದೋಣಿ ಹತ್ತುವವರು ಇವತ್ತಿಗೂ ಮೆಡಿಟರೇನಿಯನ್ ದಾಟುತ್ತಿದ್ದಾರೆ, ಬಾಲೀನರ ವಿಹಾರಿಗಳು ಬಿಸಿಲು ಕಾಯಿಸಿಕೊಂಡ ಅದೇ ಸಮುದ್ರವನ್ನು. ಯಾವ ಬಂದರಿನಿಂದ ಹೊರಡೋಣ ಎಂದು ಅವರನ್ನು ಯಾರೂ ಕೇಳುವುದಿಲ್ಲ.