ಸಾದಾ ಸೈಕಲ್ಲಿಗೆ ಮೋಟರ್ ಕಿಟ್

ಮನೆಯಲ್ಲಿರುವ ಸೈಕಲ್ಲಿಗೇ ಮೋಟರು, ಕಂಟ್ರೋಲರು, ಬ್ಯಾಟರಿ ಕೂರಿಸಿ ಅದನ್ನು ವಿದ್ಯುತ್ ಸೈಕಲ್ಲಾಗಿ ಮಾಡಿಕೊಳ್ಳಬಹುದು. ಇದಕ್ಕೆ ಬೇಕಾದ ಸಾಮಾನುಗಳು ‘ಕನ್ವರ್ಷನ್ ಕಿಟ್’ ಎಂಬ ಹೆಸರಿನಲ್ಲಿ ಒಟ್ಟಿಗೇ ಸಿಗುತ್ತವೆ. ಕೊಳ್ಳುವವರು ಮೊದಲು ಕೇಳುವುದು ಮೋಟರ್ ಎಷ್ಟು ವಾಟಿನದು, ಎಷ್ಟು ಸ್ಪೀಡ್ ಹೋಗುತ್ತದೆ ಎಂದು. ಆದರೆ ಆ ಸೈಕಲ್ಲು ವರ್ಷಗಟ್ಟಲೆ ನೆಮ್ಮದಿಯಾಗಿ ಓಡುವುದು ಫೋರ್ಕು, ಬ್ರೇಕು, ಬ್ಯಾಟರಿ ಈ ಮೂರರ ಗಟ್ಟಿತನದ ಮೇಲೆ. ಮೋಟರಿನ ಮಾತು ಆಮೇಲಿನದು.

ಹಿನ್ನೆಲೆ

ಚಕ್ರದ ಹಬ್ಬಿನೊಳಗೇ ಮೋಟರ್ ಅಡಗಿಸುವ ಯೋಚನೆ ಹಳೆಯದು. ಅಮೆರಿಕದ ಒಹಾಯೊ ರಾಜ್ಯದ ಆಗ್ಡೆನ್ ಬೋಲ್ಟನ್ ಎಂಬಾತ ಹಿಂದಿನ ಚಕ್ರದಲ್ಲಿ ಮೋಟರಿರುವ ಸೈಕಲ್ಲಿಗೆ 1895ರ ಡಿಸೆಂಬರಿನಲ್ಲೇ ಪೇಟೆಂಟ್ ಪಡೆದಿದ್ದ. 10 ವೋಲ್ಟಿನ ಬ್ಯಾಟರಿಯಿಂದ 100 ಆಂಪಿಯರ್‌ವರೆಗೆ ವಿದ್ಯುತ್ ಎಳೆಯುವ ಯಂತ್ರ ಅದು. ಅಂಥದ್ದನ್ನು ದೂರಕ್ಕೆ ಓಡಿಸಬಲ್ಲ ಹಗುರ ಬ್ಯಾಟರಿ ಆಗ ಇರಲಿಲ್ಲ. 1980ರ ದಶಕದಲ್ಲಿ ಬಂದ ನಿಯೋಡಿಮಿಯಂ ಅಯಸ್ಕಾಂತ ಮೋಟರನ್ನು ಚಿಕ್ಕದು ಮಾಡಿತು. 1991ರಲ್ಲಿ ಸೋನಿ ಕಂಪನಿ ಮಾರುಕಟ್ಟೆಗೆ ತಂದ ಲಿಥಿಯಂ ಅಯಾನ್ ಬ್ಯಾಟರಿ ಮುಂದೆ ಭಾರದ ಸಮಸ್ಯೆಯನ್ನೂ ನೀಗಿಸಿತು. ಪೆಡಲ್ ತುಳಿದಾಗ ಮಾತ್ರ ಮೋಟರ್ ಕೈಜೋಡಿಸುವ ‘ಪೆಡಲ್ ಅಸಿಸ್ಟ್’ ಸೈಕಲ್ಲನ್ನು ಜಪಾನಿನ ಯಮಾಹಾ 1993ರಲ್ಲಿ ಮಾರಾಟಕ್ಕಿಟ್ಟಿತು.

250 ವಾಟ್ ಸಾಕೇ?

ಸಾಕು. ಲೈಸೆನ್ಸ್ ಇಲ್ಲದೆ ಓಡಿಸಲು ಕಾನೂನು ಇಟ್ಟಿರುವ ಮಿತಿ ಇದೇ, ಅದು ಸಾಲುತ್ತದೆ ಎಂಬುದು ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಸವಾರ, ಸೈಕಲ್ಲು, ಕಿಟ್ ಸೇರಿ 95 ಕಿಲೊ ಎಂದಿಟ್ಟುಕೊಳ್ಳೋಣ. ಸಮತಟ್ಟು ರಸ್ತೆಯಲ್ಲಿ, ಗಾಳಿ ಎದುರಿಲ್ಲದಾಗ, ಗಂಟೆಗೆ 20 ಕಿ.ಮೀ. ಹೋಗಲು ಬೇಕಾಗುವುದು ಸುಮಾರು 100 ವಾಟ್. ನೂರು ಅಡಿಗೆ ಐದಡಿ ಏರುವ ದಿಬ್ಬವನ್ನು 12 ಕಿ.ಮೀ. ವೇಗದಲ್ಲಿ ಹತ್ತಲು 190 ವಾಟ್‌ನಷ್ಟು ಬೇಕು. ಅಭ್ಯಾಸವಿಲ್ಲದವರೂ ದಣಿಯದೆ 75 ವಾಟ್‌ನಷ್ಟು ತುಳಿಯಬಲ್ಲರು. ಏರಿನಲ್ಲಿ ಕಡಿಮೆ ಬೀಳುವ ನೂರಿಪ್ಪತ್ತು ವಾಟನ್ನು ಮೋಟರ್ ಕೊಟ್ಟರೆ ಆಯಿತು.

ತುಳಿಯುವುದನ್ನೇ ಬಿಟ್ಟು ಬರೀ ಥ್ರಾಟಲ್ ತಿರುಗಿಸಿಕೊಂಡು ಏರು ಹತ್ತಿಸಿದರೆ ಮಾತ್ರ ತೊಂದರೆ. ಚಕ್ರ ನಿಧಾನವಾದಷ್ಟೂ ಹಬ್ ಮೋಟರ್ ಹೆಚ್ಚು ಕರೆಂಟ್ ಎಳೆಯುತ್ತದೆ, ಎಳೆದದ್ದರಲ್ಲಿ ಹೆಚ್ಚಿನ ಪಾಲು ಬಿಸಿಯಾಗಿ ಹೋಗುತ್ತದೆ. ಮಲೆನಾಡಿನಂಥ ಕಡೆ ಉದ್ದನೆಯ ಏರಿನಲ್ಲಿ ಮೋಟರು ಸುಡುವುದು ಹೀಗೆಯೇ.

ಕಾನೂನು

ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮೋಟರಿನ ಶಕ್ತಿ 250 ವಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ, ಬ್ಯಾಟರಿ ಬಿಟ್ಟು ತೂಕ 60 ಕಿಲೊ ಒಳಗಿದ್ದರೆ ಅದು ಮೋಟಾರು ವಾಹನವಲ್ಲ. ನೋಂದಣಿ, ಲೈಸೆನ್ಸ್ ಬೇಡ. ಆದರೆ ಇವನ್ನೆಲ್ಲ ಮಾನ್ಯತೆ ಪಡೆದ ಪರೀಕ್ಷಾ ಸಂಸ್ಥೆಯೊಂದು, ಉದಾಹರಣೆಗೆ ಪುಣೆಯ ಎಆರ್‌ಎಐ, ದೃಢೀಕರಿಸಿರಬೇಕು ಎಂಬ ಮಾತೂ ಅದೇ ನಿಯಮದಲ್ಲಿದೆ. ಈ ಭಾಗವನ್ನು ಮಾರುವವರು ಹೇಳುವುದು ಕಡಿಮೆ, ಕೊಳ್ಳುವವರೇ ಕೇಳಬೇಕು. 350, 500 ವಾಟಿನ ಕಿಟ್ ಹಾಕಿಸಿದರೆ ಈ ವಿನಾಯಿತಿಯ ಆಚೆ ಹೋದಂತೆ.

ಮೋಟರಿನ ಬಗೆಗಳು

ಅಗ್ಗದ್ದು ಸರಪಳಿಯಿಂದ ಹಿಂದಿನ ಚಕ್ರ ತಿರುಗಿಸುವ 24 ವೋಲ್ಟಿನ ಬ್ರಷ್ ಮೋಟರ್. ಸದ್ದು ಜಾಸ್ತಿ, ಬ್ರಷ್ ಸವೆಯುತ್ತದೆ, ಆದರೆ ರಿಪೇರಿ ಸುಲಭ.

ಎರಡನೆಯದು ಗೇರ್ ಇರುವ ಹಬ್ ಮೋಟರ್. ಒಳಗೆ ಪುಟ್ಟ ಮೋಟರ್ ವೇಗವಾಗಿ ಸುತ್ತಿ, ಗೇರುಗಳ ಮೂಲಕ ಚಕ್ರವನ್ನು ನಿಧಾನವಾಗಿ, ಬಲವಾಗಿ ತಿರುಗಿಸುತ್ತದೆ. ತೂಕ ಎರಡು ಮೂರು ಕಿಲೊ. ಒಳಗೆ ಫ್ರೀವೀಲ್ ಇರುವುದರಿಂದ ಬ್ಯಾಟರಿ ಖಾಲಿಯಾದರೂ ಸಾದಾ ಸೈಕಲ್ಲಿನಂತೆಯೇ ತುಳಿಯಬಹುದು. ದಿನಬಳಕೆಗೆ ಇದೇ ಒಳ್ಳೆಯ ಆಯ್ಕೆ. ಗೇರಿಲ್ಲದ ಹಬ್ ಮೋಟರ್ ಗಟ್ಟಿ ನಿಜ, ಆದರೆ ಗೇರ್ ಇರುವುದರ ಎರಡರಷ್ಟು ಭಾರ. ಪೆಡಲ್ ಇರುವಲ್ಲೇ ಕೂರುವ ಮಿಡ್ ಡ್ರೈವ್ ಸೈಕಲ್ಲಿನ ಗೇರನ್ನೇ ಬಳಸಿಕೊಂಡು ಏರನ್ನು ಲೀಲಾಜಾಲವಾಗಿ ಹತ್ತುತ್ತದೆ. ಬೆಲೆ ಹೆಚ್ಚು, ಸರಪಳಿಯೂ ಬೇಗ ಸವೆಯುತ್ತದೆ.

ಸೈಕಲ್ಲು ಒಪ್ಪಬೇಕು

ನಮ್ಮ ಇಪ್ಪತ್ತೆಂಟು ಇಂಚಿನ ಕರಿ ಸೈಕಲ್ಲಿನ ಚೌಕಟ್ಟು ಉಕ್ಕಿನದು, ಎಷ್ಟು ಭಾರವನ್ನಾದರೂ ಹೊರುತ್ತದೆ. ಹಾಗೆಂದು ಕಿಟ್ ಅದಕ್ಕೆ ಸಲೀಸಾಗಿ ಕೂರುತ್ತದೆ ಎಂದಲ್ಲ. ಅದರ ಮುಂದಿನ ರಿಮ್ಮಿನಲ್ಲಿ 32 ಕಡ್ಡಿ, ಹಿಂದಿನದರಲ್ಲಿ 40. ಹಬ್ ಮೋಟರುಗಳಲ್ಲಿ ಹೆಚ್ಚಿನವಕ್ಕೆ 36 ತೂತು. ಹಾಗಾಗಿ ಹಳೆ ರಿಮ್ಮು ಎರಡೂ ಕಡೆ ಹೊಂದುವುದಿಲ್ಲ. ಹೊಸ ರಿಮ್ಮು, ಅಳತೆಗೆ ತಕ್ಕ ಗಿಡ್ಡ ಕಡ್ಡಿ ತಂದು ಅನುಭವವಿರುವ ಸೈಕಲ್ ಶಾಪಿನಲ್ಲಿ ಚಕ್ರ ಕಟ್ಟಿಸಬೇಕು.

ಬ್ರೇಕು ಇನ್ನೂ ದೊಡ್ಡ ತಲೆನೋವು. ಕರಿ ಸೈಕಲ್ಲಿನ ಸರಳಿನ ಬ್ರೇಕಿನ ರಬ್ಬರು ರಿಮ್ಮಿನ ಒಳಮೈಗೆ ಒತ್ತುತ್ತದೆ, ಮಳೆಯಲ್ಲಿ ಜಾರುತ್ತದೆ. ಗಂಟೆಗೆ 15 ಕಿ.ಮೀ.ಗೆ ಅದು ನಡೆಯುತ್ತಿತ್ತು. ವೇಗ 25ಕ್ಕೆ ಏರಿದರೆ ಬ್ರೇಕು ತಡೆಯಬೇಕಾದ ಶಕ್ತಿ ಎರಡೂಮುಕ್ಕಾಲು ಪಟ್ಟಾಗುತ್ತದೆ. ಮೇಲಾಗಿ, ಬ್ರೇಕ್ ಹಿಡಿದೊಡನೆ ಮೋಟರ್ ನಿಲ್ಲಿಸುವ ಸ್ವಿಚ್ಚು ಕಿಟ್ಟಿನ ಬ್ರೇಕ್ ಹಿಡಿಯಲ್ಲಿರುತ್ತದೆ. ಆ ಹಿಡಿ ಕೇಬಲ್ ಎಳೆಯುವಂಥದ್ದು, ಸರಳಿನ ಬ್ರೇಕಿಗೆ ಆಗುವುದಿಲ್ಲ. ಇಪ್ಪತ್ತಾರು ಇಂಚಿನ, ವಿ ಬ್ರೇಕ್ ಅಥವಾ ಡಿಸ್ಕ್ ಇರುವ ಉಕ್ಕಿನ ಎಂಟಿಬಿ ಸೈಕಲ್ಲಿಗೆ ಇವ್ಯಾವ ರಗಳೆಯೂ ಇಲ್ಲ.

ಆಕ್ಸಲ್‌ ವಿಷಯದಲ್ಲಿ ಮಾತ್ರ ರಾಜಿ ಸಲ್ಲದು. ಸಾದಾ ಚಕ್ರದಲ್ಲಿ ಆಕ್ಸಲ್ ಬರೀ ಭಾರ ಹೊರುತ್ತದೆ. ಹಬ್ ಮೋಟರಿನಲ್ಲಿ ಚಕ್ರ ಮುಂದಕ್ಕೆ ತಿರುಗಿದರೆ ಅಷ್ಟೇ ಬಲದಿಂದ ಆಕ್ಸಲ್ ಹಿಂದಕ್ಕೆ ತಿರುಗಲು ನೋಡುತ್ತದೆ. ಅದನ್ನು ತಡೆಯಲೆಂದೇ ಅದರ ತುದಿಯನ್ನು ಎರಡು ಬದಿ ಚಪ್ಪಟೆ ಮಾಡಿರುತ್ತಾರೆ. ಫೋರ್ಕಿನ ಸೀಳು ಸಡಿಲವಿದ್ದರೆ ಆಕ್ಸಲ್ ಸೀಳನ್ನೇ ಅಗಲಿಸಿ ತಿರುಗಿಬಿಡುತ್ತದೆ. ಟೊಳ್ಳು ಆಕ್ಸಲ್ಲಿನ ಮೂಲಕ ಬರುವ ತಂತಿಗಳು ತಿರುಚಿ ಹರಿಯುತ್ತವೆ. ಮುಂದಿನ ಚಕ್ರವಾದರೆ ಕಳಚಿಯೇ ಬೀಳಬಹುದು. ಟಾರ್ಕ್ ಆರ್ಮ್ ಎಂಬ ಉಕ್ಕಿನ ಪಟ್ಟಿ ಆಕ್ಸಲ್ಲನ್ನು ಕಚ್ಚಿ ಫೋರ್ಕಿನ ಕಾಲಿಗೆ ಬಿಗಿದುಕೊಳ್ಳುತ್ತದೆ. ಕಿಟ್ಟಿನಲ್ಲಿ ಅದಿಲ್ಲದಿದ್ದರೆ ಬೇರೆ ಕೊಂಡು ಹಾಕಿಸಿ. ಸೀಳು ಕಿರಿದಾಗಿದ್ದರೆ ಅರದಿಂದ ಸ್ವಲ್ಪ ಸ್ವಲ್ಪವೇ ಉಜ್ಜಬೇಕು, ಅವಸರ ಕೂಡದು. ಅಲ್ಯುಮಿನಿಯಂ ಫೋರ್ಕು ಉಕ್ಕಿನಂತೆ ಬಾಗಿ ಎಚ್ಚರಿಸುವುದಿಲ್ಲ, ತಟ್ಟನೆ ಸೀಳುತ್ತದೆ. ಅಂಥ ಸೈಕಲ್ಲಿಗೆ ಹಿಂದಿನ ಚಕ್ರದ ಮೋಟರೇ ಸರಿ.

ತಂತಿಗಳು

ಮೋಟರಿಂದ ಬರುವ ಮೂರು ದಪ್ಪ ತಂತಿಗಳಲ್ಲಿ ಕರೆಂಟ್, ಸಣ್ಣ ತಂತಿಗಳಲ್ಲಿ ಮೋಟರ್ ಎಷ್ಟು ತಿರುಗಿದೆ ಎಂಬ ಸುದ್ದಿ ಹರಿಯುತ್ತದೆ. ಈ ಸುದ್ದಿಯನ್ನು ನೋಡಿಕೊಂಡು ಕಂಟ್ರೋಲರ್ ಮೂರೂ ತಂತಿಗಳಿಗೆ ಸರದಿಯಂತೆ ವಿದ್ಯುತ್ ಕೊಡುತ್ತದೆ. ಪೆಡಲಿನ ಬಳಿಯ ಅಯಸ್ಕಾಂತದ ಬಿಲ್ಲೆ, ಥ್ರಾಟಲ್, ಬ್ರೇಕ್ ಸ್ವಿಚ್ಚು ಎಲ್ಲವೂ ಇಲ್ಲಿಗೇ ಬಂದು ಸೇರುತ್ತವೆ. ಮೋಟರಿನ ತಂತಿ ಹಬ್ಬಿಗಿಂತ ಕೆಳಗೆ ಜೋತು ಆಮೇಲೆ ಮೇಲೇರುವಂತಿರಬೇಕು. ಆಗ ಮಳೆ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಒಳಕ್ಕೆ ಇಳಿಯುವುದಿಲ್ಲ.

ಬ್ಯಾಟರಿ

36 ವೋಲ್ಟ್, 10 ಆಂಪಿಯರ್ ಅವರ್ ಬ್ಯಾಟರಿಯಲ್ಲಿ 360 ವಾಟ್ ಅವರ್ ಶಕ್ತಿ ಇರುತ್ತದೆ. ತುಳಿಯುತ್ತಾ ಹೋದರೆ ಕಿಲೊಮೀಟರಿಗೆ ಹತ್ತು ಹನ್ನೆರಡು ವಾಟ್ ಅವರ್ ಖರ್ಚು, ಅಂದರೆ 30 ಕಿ.ಮೀ. ಆಸುಪಾಸಿನ ಓಟ. ಪೂರ್ತಿ ಚಾರ್ಜಿಗೆ ಅರ್ಧ ಯೂನಿಟ್ಟೂ ಆಗುವುದಿಲ್ಲ. ಅಷ್ಟೇ ಶಕ್ತಿಯ ಸೀಸದ ಬ್ಯಾಟರಿ ಹತ್ತು ಕಿಲೊ ದಾಟುತ್ತದೆ, ಲಿಥಿಯಂನದು ಎರಡು ಮೂರು ಕಿಲೊ. ಲಿಥಿಯಂನಲ್ಲಿ ಐರನ್ ಫಾಸ್ಫೇಟ್ ಬಗೆಯದು ತುಸು ಭಾರವಾದರೂ ಬಿಸಿಲಿಗೆ ಹೆಚ್ಚು ತಡೆಯುತ್ತದೆ, ಹೆಚ್ಚು ವರ್ಷ ಬಾಳುತ್ತದೆ. ನಮ್ಮ ಬೇಸಗೆಗೆ ಅದೇ ಲೇಸು.

ಹಳೆಯ ಲ್ಯಾಪ್‌ಟಾಪ್ ಸೆಲ್ಲುಗಳನ್ನು ಆರಿಸಿ ಬೆಸೆದ ಅಗ್ಗದ ಪ್ಯಾಕುಗಳ ಆಸೆಗೆ ಬೀಳಬೇಡಿ. ನ್ಯೂಯಾರ್ಕ್ ನಗರವೊಂದರಲ್ಲೇ 2023ರಲ್ಲಿ ಲಿಥಿಯಂ ಬ್ಯಾಟರಿಯ ಬೆಂಕಿಗೆ 18 ಮಂದಿ ಬಲಿಯಾದರು. ಅದೇ ವರ್ಷ ಅಲ್ಲಿ ಪರೀಕ್ಷೆಯಾಗದ ಬ್ಯಾಟರಿಗಳ ಮಾರಾಟ ನಿಷೇಧವಾಯಿತು. ಸೆಲ್ಲುಗಳನ್ನು ಕಾಯುವ ಬಿಎಂಎಸ್ ಎಂಬ ಸರ್ಕಿಟ್ ಪ್ಯಾಕಿನೊಳಗೆ ಇರಲೇಬೇಕು. ಚಾರ್ಜರ್ ಆ ಬ್ಯಾಟರಿಗೆಂದೇ ಕೊಟ್ಟದ್ದಾಗಿರಬೇಕು. ಮಲಗುವ ಕೋಣೆಯಲ್ಲಿ, ಹೊರಬಾಗಿಲಿಗೆ ಅಡ್ಡವಾಗಿ, ರಾತ್ರಿಯಿಡೀ ಚಾರ್ಜಿಗೆ ಇಡಬಾರದು. ಉಬ್ಬಿದ್ದು, ನೀರು ಹೊಕ್ಕದ್ದು, ಬಿದ್ದು ಜಜ್ಜಿದ್ದು ಮತ್ತೆ ಬಳಕೆಗೆ ಬೇಡ. ಅದನ್ನು ಗುಜರಿಗೂ ಹಾಕಬಾರದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಮುಗಿದ ಬ್ಯಾಟರಿಯನ್ನು ವಾಪಸು ಸಂಗ್ರಹಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಕೊಳ್ಳುವ ದಿನವೇ ಅಂಗಡಿಯವರನ್ನು ಈ ಬಗ್ಗೆ ಕೇಳಿ, ಬಿಲ್ಲು ತೆಗೆದಿಟ್ಟುಕೊಂಡರೆ ಮುಂದೆ ಅಲೆದಾಟ ತಪ್ಪುತ್ತದೆ.